ತಪ್ಪಿಗೆ ಮದ್ದು ಇನ್ನೊಂದು ತಪ್ಪು

ಸಿಕಲ್ ಸೆಲ್ ಅನೀಮಿಯಾಕ್ಕೆ ಕಾರಣ ಹಿಮೊಗ್ಲೋಬಿನ್ ಜೀನ್‌ನಲ್ಲಿ ಒಂದೇ ಒಂದು ಅಕ್ಷರದ ತಪ್ಪು. 2023ರ ನವೆಂಬರ್‌ನಲ್ಲಿ ಬ್ರಿಟನ್, ಡಿಸೆಂಬರ್‌ನಲ್ಲಿ ಅಮೆರಿಕ ಒಪ್ಪಿದ, ಜೀನ್ ತಿದ್ದುವ ಕ್ರಿಸ್ಪರ್ ಚಿಕಿತ್ಸೆ ಕ್ಯಾಸ್‌ಜೆವಿ ಆ ತಪ್ಪಿನ ತಂಟೆಗೇ ಹೋಗುವುದಿಲ್ಲ. ಮಗು ಹುಟ್ಟಿದ ಮೇಲೆ ಭ್ರೂಣಾವಸ್ಥೆಯ ಹಿಮೊಗ್ಲೋಬಿನ್ ತಯಾರಾಗದಂತೆ ತಡೆಯುವುದು ಬಿಸಿಎಲ್11ಎ ಎಂಬ ಜೀನ್. ರೋಗಿಯದೇ ಕಾಂಡಕೋಶಗಳನ್ನು ಹೊರತೆಗೆದು, ಆ ಜೀನ್‌ಗೆ ಚುರುಕು ಕೊಡುವ ಡಿಎನ್‌ಎ ತುಣುಕನ್ನಷ್ಟೇ ಕತ್ತರಿಸಿ ಕೆಡಿಸುತ್ತಾರೆ. ತಡೆ ಸಡಿಲವಾಗಿ, ನಿಂತುಹೋಗಿದ್ದ ಹಿಮೊಗ್ಲೋಬಿನ್ ಮತ್ತೆ ಉತ್ಪತ್ತಿಯಾಗುತ್ತದೆ. ಬೇಕೆಂದೇ ಎಸಗುವ ಈ ಕೆಡುಕು ಮೆಚ್ಚುವಂಥದ್ದೇ. ಆದರೆ ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್; ಜತೆಗೆ ತಿದ್ದಿದ ಕೋಶಗಳನ್ನು ದೇಹಕ್ಕೆ ಮರಳಿಸುವ ಮೊದಲು ಕೊಡುವ ಕೀಮೋಥೆರಪಿಯ ಯಾತನೆ ಬೇರೆ. ಮೈಸೂರು, ಚಾಮರಾಜನಗರ ಸೀಮೆಯ ಆದಿವಾಸಿ ಹಾಡಿ-ಪೋಡುಗಳಲ್ಲೂ ಈ ಕಾಯಿಲೆ ಉಂಟು. ಸರ್ಕಾರ ಅಲ್ಲಿಗೆ ಮೊದಲು ತಲುಪಿಸಬೇಕಾದದ್ದು ರಕ್ತಪರೀಕ್ಷೆ ಮತ್ತು ತಪ್ಪದೆ ಸಿಗುವ ಹೈಡ್ರಾಕ್ಸಿಯೂರಿಯಾ ಔಷಧ.