ಮಟ್ಟವಾಗಿ ನಿಂತ ಲಾರಿ

ಕಲಾ ಕಾಲೇಜಿನ ವಿದ್ಯಾರ್ಥಿಗೆ ಲಾರಿಯ ಹಿಂದಿನ ಗಾಲಿಗಳ ಗೊಡವೆ ಏಕೆಂದು ವಾಚಕ ಮಿತ್ರರು ಕೇಳಬಹುದು. ನನ್ನೂರು ಆಳಂದ ತಾಲ್ಲೂಕಿನ ಸರಸಂಬಾ. ತೊಗರಿಯ ಚೀಲ, ಕಬ್ಬಿನ ಹೊರೆ ಹೊತ್ತ ಲಾರಿಗಳನ್ನು ನೋಡುತ್ತಲೇ ಬೆಳೆದವನು ನಾನು. ನಮ್ಮಣ್ಣನದೂ ಒಂದು ಲಾರಿಯಿದೆ. ಸಾಲ ಮಾಡಿ ಕೊಂಡದ್ದು, ಚಾಲಕನೂ ತಾನೇ. ಆದುದರಿಂದ ಈ ವಿಷಯದಲ್ಲಿ ಎರಡು ಮಾತು ಆಡುವ ಅಧಿಕಾರ ನನಗುಂಟೆಂದು ಭಾವಿಸಿದ್ದೇನೆ.

ಮೊದಲು ಎತ್ತಿನ ಬಂಡಿಯ ಮಾತು. ಹೇರು ಹಿಂದಕ್ಕೆ ಹೆಚ್ಚಾದರೆ ನೊಗ ಮೇಲೇಳುತ್ತದೆ, ಎತ್ತುಗಳ ಕೊರಳ ಹಗ್ಗ ಬಿಗಿಯುತ್ತದೆ. ಆಗ ನಮ್ಮ ಮುತ್ಯಾ ಮುಂದೆ ಸರಿದು ಮೂಕಿಯ ಮೇಲೆ ಕೂಡುತ್ತಿದ್ದರು. ಬಂಡಿ ಮಟ್ಟಕ್ಕೆ ಬರುತ್ತಿತ್ತು. ಲಾರಿಯಲ್ಲಿ ಮುತ್ಯಾನ ಈ ಕೆಲಸವನ್ನು ಮಾಡುವವರು ಯಾರು?

ನಮ್ಮ ಕಡೆಯ ಲಾರಿಗಳಿಗೆ ಬಹುತೇಕ ಉಕ್ಕಿನ ಪಾಟಾಗಳೇ ಆಧಾರ. ತುಂಬಿದ ಹೇರಿಗೆ ತಕ್ಕ ಪಾಟಾ ಖಾಲಿ ಲಾರಿಗೆ ಕಲ್ಲಿನಂತೆ ಗಡುಸು. ಖಾಲಿಗೆ ಹಿತವಾಗುವಷ್ಟು ಮೆದುವಾದರೆ, ಹೇರು ಬಿದ್ದೊಡನೆ ಹಿಂಭಾಗ ಕುಸಿದು ಮುಂದಿನ ದೀಪ ಆಕಾಶ ನೋಡತೊಡಗುತ್ತದೆ. ರಾತ್ರಿ ಎದುರು ಬರುವವನ ಕಣ್ಣು ಕುಕ್ಕುತ್ತದೆ. ಈ ತೊಡಕಿಗೆ ಕಂಡುಕೊಂಡ ಉಪಾಯವೇ ರಬ್ಬರಿನ ಗಾಳಿಚೀಲ. ಚಾಸಿಗೂ ಅಚ್ಚಿಗೂ ನಡುವೆ ಈ ಚೀಲಗಳಿರುತ್ತವೆ. ಚಾಸಿಗೆ ಒಂದು ಕವಾಟ. ಅದರಿಂದ ಅಚ್ಚಿಗೆ ಜೋಡಿಸಿದ ಒಂದು ಸಣ್ಣ ತೋಳು. ಹೇರಿನಿಂದ ಚಾಸಿ ಇಳಿದರೆ ತೋಳು ತಿರುಗಿ ಕವಾಟ ತೆರೆಯುತ್ತದೆ, ಕಂಪ್ರೆಸರಿನ ಗಾಳಿ ಚೀಲಕ್ಕೆ ನುಗ್ಗುತ್ತದೆ. ಚಾಸಿ ಮೊದಲಿನ ಎತ್ತರಕ್ಕೇರಿದೊಡನೆ ಕವಾಟ ಮುಚ್ಚುತ್ತದೆ. ಹೇರು ಇಳಿಸಿದರೆ ಹೆಚ್ಚಿನ ಗಾಳಿ ಹೊರಬೀಳುತ್ತದೆ. ಒತ್ತಡ ಏರಿದಂತೆ ಚೀಲ ತಾನೇ ಗಡುಸಾಗುವುದರಿಂದ ಖಾಲಿಗೂ ತುಂಬಿದ್ದಕ್ಕೂ ಅದು ಒಗ್ಗುತ್ತದೆ. ಫ್ರಾನ್ಸಿನ ಸಿತ್ರೋಯೆನ್ ಕಂಪನಿ 1954ರಲ್ಲಿಯೇ ಒಂದು ಕಾರಿನ ಹಿಂದಿನ ಗಾಲಿಗಳಿಗೆ, ಎಣ್ಣೆ ಅನಿಲ ಎರಡನ್ನೂ ಬಳಸಿ, ಇಂಥ ಏರ್ಪಾಡು ಮಾಡಿತ್ತು.

ಕಳೆದ ಸುಗ್ಗಿಯಲ್ಲಿ ಅಣ್ಣನ ಲಾರಿಯ ಪಾಟಾ ನಡುರಾತ್ರಿ ಮುರಿಯಿತು. ಬೆಳಗಾಗುವವರೆಗೆ ಇಬ್ಬರೂ ರಸ್ತೆಯ ಬದಿ ಚಳಿಯಲ್ಲಿ ಕುಳಿತೆವು. ಮಿಸ್ತ್ರಿ ಮುರಿದುದನ್ನು ಬದಲಿಸಿ, ಕೇಳದೆಯೇ ಇನ್ನೊಂದು ಪಾಟಾ ಹೆಚ್ಚಿಗೆ ಸೇರಿಸಿದ. ಅಣ್ಣನಿಗೆ ಈಗ ಗಾಳಿಚೀಲದ ಹಂಬಲ. "ಹಿಂದ ಕುಸಿಯಂಗಿಲ್ಲ ನೋಡು, ಎಷ್ಟ್ ಹಾಕಿದ್ರೂ ಯಾರಿಗೂ ತಿಳಿಯಂಗಿಲ್ಲ" ಎಂದ.

ನನ್ನ ತಕರಾರಿರುವುದು ಆ ಕೊನೆಯ ಮಾತಿಗೆ. ಮುತ್ಯಾ ಮೂಕಿಗೆ ಸರಿದಾಗ ಬಂಡಿಯ ಹೇರಿನಲ್ಲಿ ಒಂದು ಸೇರೂ ಕಡಿಮೆಯಾಗುತ್ತಿರಲಿಲ್ಲ. ಲಾರಿ ಮಟ್ಟವಾಗಿ ನಿಂತರೂ ಅಚ್ಚು ರಸ್ತೆಯನ್ನು ಅಷ್ಟೇ ಒತ್ತುತ್ತದೆ. ನಾಲ್ಕು ಟೈರಿನ ಒಂಟಿ ಅಚ್ಚಿಗೆ ಇದ್ದ 10.2 ಟನ್ನಿನ ಮಿತಿಯನ್ನು ಕೇಂದ್ರ ಸರ್ಕಾರ 2018ರಲ್ಲಿ 11.5 ಟನ್ನಿಗೆ ಏರಿಸಿತು. ಅದರ ಮೇಲೂ ಹೇರಿದರೆ ಏನಾಗುತ್ತದೆ? ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ 1958ರಿಂದ 1960ರವರೆಗೆ ಲಾರಿಗಳನ್ನು ಓಡಿಸಿ ಪರೀಕ್ಷಿಸಿದಾಗ, ರಸ್ತೆಯ ಹಾನಿ ಅಚ್ಚಿನ ಭಾರದ ಸುಮಾರು ನಾಲ್ಕನೆಯ ಘಾತದಂತೆ ಬೆಳೆಯುತ್ತದೆಂದು ಕಂಡುಬಂತು. ಆ ಲೆಕ್ಕದಲ್ಲಿ 11.5ರ ಜಾಗದಲ್ಲಿ 14 ಟನ್ನು ಹೇರಿದರೆ ಹಾನಿ ಎರಡು ಪಟ್ಟಿಗೂ ಮೀರುತ್ತದೆ. ಅದೂ ನಮ್ಮ ಎರೆ ಭೂಮಿಯಲ್ಲಿ, ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವ ನೆಲದ ಮೇಲೆ! ಕಾಲೇಜಿಗೆ ಬರುವ ಬಸ್ಸಿನಲ್ಲಿ ತಲೆ ತಟ್ಟಿಸಿಕೊಂಡವರಿಗೆ ಹೆಚ್ಚು ವಿವರಣೆ ಬೇಕಿಲ್ಲ.

ಹಾಗೆಂದು ಗಾಳಿಚೀಲ ಬೇಡವೆನ್ನುವವನು ನಾನಲ್ಲ. ಕುಸಿದ ಪಾಟಾ ನೋಡುವವರಿಗೆ ಹೇರಿನ ಸತ್ಯ ಹೇಳುತ್ತಿತ್ತು. ಗಾಳಿಚೀಲ ಅದನ್ನು ಮರೆಮಾಡುತ್ತದೆ. ಆದರೆ ಸತ್ಯ ಚೀಲದೊಳಗೇ ಇದೆ: ಭಾರ ಹೆಚ್ಚಿದಷ್ಟೂ ಗಾಳಿಯ ಒತ್ತಡ ಹೆಚ್ಚು. ಚಾಲಕನ ಕಣ್ಣೆದುರಿಗೆ ಒಂದು ಒತ್ತಡದ ಮಾಪಕವಿಟ್ಟರೆ ಸಾಕು, ಮುಳ್ಳು ಅದನ್ನು ತೋರಿಸುತ್ತದೆ. ಚೀಲದ ಜೊತೆಗೆ ಮಾಪಕವೂ ಕಡ್ಡಾಯವಾಗಬೇಕೆಂಬುದು ನನ್ನ ವಾದ. ಬಾಡಿಗೆ ಟನ್ನಿನ ಲೆಕ್ಕದಲ್ಲಿ ಸಿಗುವಾಗ ಮುಳ್ಳು ನೋಡಿ ಹೊಟ್ಟೆ ತುಂಬೀತೇ ಎಂಬುದು ಅಣ್ಣನ ಪ್ರಶ್ನೆ. ಅದು ನ್ಯಾಯವಾದುದೇ, ಹೇರುವ ಜಾಗದಲ್ಲಿಯೇ ತೂಗಿ, ಹೆಚ್ಚು ಹೇರಿಸಿದವನನ್ನೂ ಹಿಡಿದು ಕೇಳದೆ ಚಾಲಕನೊಬ್ಬನಿಗೆ ದಂಡ ಹಾಕುವುದು ಅರ್ಧ ನ್ಯಾಯ.

ಈ ಲೇಖನವನ್ನು ಅಣ್ಣನಿಗೆ ಓದಿ ಹೇಳಿದೆ. ಮಾಪಕಕ್ಕೆ ಎಷ್ಟು ಬೀಳುತ್ತದೆಂದು ವಿಚಾರಿಸಿಕೊಂಡು ಬಾ ಎಂದಿದ್ದಾನೆ.