ಬಣ್ಣ ಹೊಡೆದರೂ ಅದು ಸೀಸವೇ

ಹೋದ ವಾರ ನಮ್ಮ ಕಡೆಯ ಹುಡುಗನೊಬ್ಬ ವಿಡಿಯೊ ಕಳಿಸಿದ್ದ. ಅಮೆರಿಕದಲ್ಲಿ ಯಾರೋ ಮನೆ ಶೆಡ್ಡಿನಲ್ಲೇ ಸೀಸ ಕರಗಿಸಿ, ಬಂದೂಕಿನ ಗುಂಡು ಎರಕ ಹೊಯ್ದು, ಅದಕ್ಕೆ ಕೆಂಪು, ನೀಲಿ ಪೌಡರ್ ಕೋಟಿಂಗ್ ಮಾಡ್ತಿದ್ದ. ‘ಅಣ್ಣಾ, ಹಳೇ ಟ್ರ್ಯಾಕ್ಟರ್ ಬ್ಯಾಟರಿ ಒಡೆದು ಬೀಸುಬಲೆಗೆ ಸೀಸದ ಗುಂಡು ಮಾಡ್ಕೋತೀನಿ. ಹೀಗೇ ಕೋಟಿಂಗ್ ಹೊಡೆದ್ರೆ ಹೊಂಡದ ನೀರಿಗೆ ಏನೂ ಆಗಲ್ಲ ಅಲ್ವಾ?’ ಅಂತ ಪ್ರಶ್ನೆ. ಬೇಡ ಮಾರಾಯ ಅಂದೆ.

ಕೋಟಿಂಗ್ ಸುಳ್ಳು ಅಂತ ನಾನು ಹೇಳ್ತಿಲ್ಲ. ನಮ್ಮ ಊರಿನ ಗೇಟು, ಗ್ರಿಲ್ಲಿಗೆ ಮಾಡುವುದೂ ಅದನ್ನೇ. ಒಣ ಪ್ಲಾಸ್ಟಿಕ್ ಪುಡಿ ಲೋಹಕ್ಕೆ ಅಂಟುತ್ತದೆ, ಸುಮಾರು 200 ಡಿಗ್ರಿ ಶಾಖದಲ್ಲಿ ಕರಗಿ ಗಟ್ಟಿ ಪದರವಾಗುತ್ತದೆ. ಬಂದೂಕಿನವರಿಗೆ ಅದರಿಂದ ಲಾಭ ಇದೆ: ನಳಿಗೆಯೊಳಗೆ ಸೀಸ ಮೆತ್ತಿಕೊಳ್ಳುವುದಿಲ್ಲ, ಮೇಣ-ಗ್ರೀಸು ಬೇಡ, ಹೊಗೆಯೂ ಕಮ್ಮಿ. ಆದರೆ ಆ ಪದರ ಹುಟ್ಟಿದ್ದು ನಳಿಗೆ ಉಳಿಸುವುದಕ್ಕೆ. ವಿಷ ತಡೆಯುವುದಕ್ಕಲ್ಲ.

ಅಪಾಯದ ದೊಡ್ಡ ಪಾಲು ಬಣ್ಣ ಹೊಡೆಯುವ ಮೊದಲೇ ಮುಗಿದಿರುತ್ತದೆ. ಸೀಸ 327 ಡಿಗ್ರಿಗೆ ಕರಗುತ್ತದೆ, ಸೌದೆ ಒಲೆಯೇ ಸಾಕು. ಮೇಲೆ ಬರುವ ಬೂದು ಕಿಟ್ಟ ತೆಗೆದು ಅಂಗಳದಲ್ಲಿ ಬಡಿದರೆ ಆ ಪುಡಿ ಕೈಗೆ, ಲುಂಗಿಗೆ, ಅಲ್ಲಿಂದ ಮಕ್ಕಳ ಬಾಯಿಗೆ. ಮಕ್ಕಳಿಗೆ ಇಷ್ಟು ಸೀಸ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಬ್ಯಾಟರಿಯಂತೂ ಇನ್ನೂ ಕೆಟ್ಟದ್ದು: ಆಸಿಡ್ಡು, ಸೀಸದ ಆಕ್ಸೈಡ್, ಸಲ್ಫೇಟ್ ಪುಡಿ, ಜೊತೆಗೆ ಆಂಟಿಮನಿ. ಅಮೆರಿಕದಲ್ಲಿ ಗುಂಡು ಎರಕ ಹೊಯ್ಯುವ ಅನುಭವಸ್ಥರೇ ಬ್ಯಾಟರಿ ಮುಟ್ಟಬೇಡಿ ಅಂತಾರೆ, ಕೋಟಿಂಗ್ ಮಾಡಿದ ಓವನ್ನಲ್ಲಿ ಅಡುಗೆ ಮಾಡಬೇಡಿ ಅಂತಲೂ ಅಂತಾರೆ. ರೀಲ್ಸಿನಲ್ಲಿ ಈ ಮಾತು ಕೇಳಿಸಲ್ಲ, ಕೆಂಪು ಗುಂಡು ಮಾತ್ರ ಕಾಣ್ಸುತ್ತೆ.

ಗುಂಡು ಹಾರಿದ ಮೇಲೂ ಕಥೆ ಮುಗಿಯಲ್ಲ. ಸೀಸದ ಗುಂಡು ಪ್ರಾಣಿಯ ಮೈಯಲ್ಲಿ ಚೂರಾದಾಗ ಮೇಲಿನ ಬಣ್ಣ ಏನು ತಾನೇ ಮಾಡೀತು? ಕ್ಯಾಲಿಫೋರ್ನಿಯಾದ ಕಾಂಡರ್ ರಣಹದ್ದುಗಳು 1982ರಲ್ಲಿ ಬರೀ 22ಕ್ಕೆ ಇಳಿದಿದ್ದವು. ಬೇಟೆಯ ಅವಶೇಷ ತಿಂದು ಸೀಸದ ವಿಷ ಏರಿ ಇವತ್ತಿಗೂ ಸಾಯುತ್ತವೆ. ಅದಕ್ಕೇ ಆ ರಾಜ್ಯ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಿತು.

(ಮಲೆನಾಡಿನ ಗೆಳೆಯರಿಗೆ ಒಂದು ಮಾತು: ಬೆಳೆ ರಕ್ಷಣೆಗೆ ಕೋವಿ ಲೈಸೆನ್ಸ್ ಇದೆ ಅಂದರೆ ಮದ್ದುಗುಂಡು ತಯಾರಿಸಲು ಅನುಮತಿ ಇದೆ ಅಂತಲ್ಲ. ಅದಕ್ಕೆ ಬೇರೆಯೇ ಲೈಸೆನ್ಸ್ ಬೇಕು, ಇಲ್ಲದಿದ್ದರೆ ಜೈಲು.)

ನನಗೆ ಹೆಚ್ಚು ಚಿಂತೆ ಮಣ್ಣಿನದ್ದು. ಕೀಟನಾಶಕ ಒಂದಲ್ಲ ಒಂದು ದಿನ ಒಡೆದು ಹೋಗುತ್ತದೆ, ಸೀಸ ಹೋಗಲ್ಲ. ಮೇಲ್ಮಣ್ಣಲ್ಲೇ ಕೂತಿರುತ್ತದೆ. ಅಲ್ಲಿ ಬೆಳೆದ ಪಾಲಕ್, ಕ್ಯಾರೆಟ್ಟಿಗೆ ಅಂಟಿದ ಮಣ್ಣಿನ ಜೊತೆ ಮನೆಗೆ ಬರುತ್ತದೆ. ಹುಳಿ ಮಣ್ಣಿಗೆ ಸುಣ್ಣ, ಗೊಬ್ಬರ ಹಾಕಿದರೆ ಗಿಡ ಹೀರುವುದು ಕಮ್ಮಿಯಾಗುತ್ತದೆ ಅಷ್ಟೇ, ಸೀಸ ಅಲ್ಲೇ ಇರುತ್ತದೆ. ಹತ್ತು ವರ್ಷ ಜೀವಾಮೃತ ಹಾಕಿ ಕಟ್ಟಿದ ಮಣ್ಣಿನ ಪಕ್ಕ ಒಂದು ಮಧ್ಯಾಹ್ನ ಬ್ಯಾಟರಿ ಒಡೆಯೋದು ಅಂದ್ರೆ ನನಗೆ ಹೊಟ್ಟೆ ಉರಿಯುತ್ತೆ.

ಬಲೆಯ ಅಂಚಿಗೆ ಸಣ್ಣ ಕಬ್ಬಿಣದ ಸರಪಳಿ ಕಟ್ಟಿದರೂ ಬಲೆ ಮುಳುಗುತ್ತದೆ. ಹಳೇ ಬ್ಯಾಟರಿಯನ್ನು ಹೊಸದು ಕೊಳ್ಳುವಾಗ ಅಂಗಡಿಯವರು ದುಡ್ಡು ಮುರಿದುಕೊಂಡೇ ತಗೋತಾರೆ. ಹುಡುಗನ ಉತ್ತರ ಇನ್ನೂ ಬಂದಿಲ್ಲ. ಬ್ಯಾಟರಿ ಅವರ ಕೊಟ್ಟಿಗೆಯಲ್ಲೇ ಇದೆಯಂತೆ. ಭಾನುವಾರ ಗಾಡಿ ತಗೊಂಡು ನಾನೇ ಹೋಗಿ ಬರ್ತೀನಿ.