ದಿಣ್ಣೆಯಲ್ಲಿ ನೀರು, ಕಣಿವೆಯಲ್ಲಿ ಬರ

2025ರ ಫೆಬ್ರುವರಿಯಲ್ಲಿ ಬೆಂಗಳೂರು ಜಲಮಂಡಳಿ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) ಜೊತೆಗೂಡಿ ಮೂರು ಅಂಕಿಗಳನ್ನು ಊರ ಮುಂದಿಟ್ಟಿತು. ಆ ಬೇಸಿಗೆಯಲ್ಲಿ ಅಂತರ್ಜಲ ನಗರದ ನಡುಭಾಗದಲ್ಲಿ ಸುಮಾರು 5 ಮೀಟರ್, ಹಳೆಯ ನಗರಸಭೆಗಳ ಪ್ರದೇಶದಲ್ಲಿ 10ರಿಂದ 15 ಮೀಟರ್, ನಗರಕ್ಕೆ ಆಮೇಲೆ ಸೇರಿದ 110 ಹಳ್ಳಿಗಳಲ್ಲಿ 20ರಿಂದ 25 ಮೀಟರ್ ಕುಸಿಯಬಹುದು ಎಂದಿತು. ಅಂದಿನಿಂದ ಈ ಅಂಕಿಗಳು ಟಿ.ವಿ. ಚರ್ಚೆಗಳಲ್ಲಿ, ಅಪಾರ್ಟ್‌ಮೆಂಟ್ ಸಂಘಗಳ ಸಭೆಗಳಲ್ಲಿ, ಅಂಕಣಗಳಲ್ಲಿ ವೇದವಾಕ್ಯದಂತೆ ಓಡಾಡುತ್ತಿವೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನಗರ ಐದು ಪಾಲಿಕೆಗಳಾಗಿ ಒಡೆಯಿತು. ಇನ್ನು ಅಂತರ್ಜಲದ ನಕ್ಷೆಯನ್ನೂ ಪಾಲಿಕೆವಾರು ಕೇಳುವ ದಿನ ದೂರವಿಲ್ಲ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನ ನೆಲದಡಿಯ ನೀರನ್ನು ತೋರಿಸುವ ಯಾವ ನಕ್ಷೆಯನ್ನೂ ಅದರಲ್ಲಿರುವ ಏರಿಳಿತ ಎಲ್ಲಿಂದ ಬಂತು ಎಂದು ವಿಚಾರಿಸದೆ ಯೋಜನೆಗೆ ಬಳಸಬಾರದು. ಬಂಡೆಯಿಂದ ಬಂತೋ, ಪೈಪಿನಿಂದ ಬಂತೋ, ಪಂಪಿನಿಂದ ಬಂತೋ? ಈ ಪ್ರಶ್ನೆ ಕೇಳದೆ ಮಾಡಿದ ಮಾಡೆಲ್ ಎಷ್ಟೇ ದುಬಾರಿಯ ಕಂಪ್ಯೂಟರಿನಿಂದ ಬಂದಿದ್ದರೂ ಬಣ್ಣ ಬಳಿದ ಊಹೆ, ಅಷ್ಟೆ.

ಇಷ್ಟು ಖಂಡಿತವಾಗಿ ಹೇಳಲು ಕಾರಣ ಎಲ್ಲರೂ ಮರೆತಿರುವ ಒಂದು ಸಂಖ್ಯೆ: 154. ಐಐಎಸ್‌ಸಿಯ ಎಂ. ಶೇಖರ್ ಮತ್ತು ಸಹೋದ್ಯೋಗಿಗಳು 2015ರಿಂದ 2017ರವರೆಗೆ ನಗರದ 154 ಕಡೆ ಅಂತರ್ಜಲದ ಮಟ್ಟ ಅಳೆದರು. ಸುಮಾರು 700 ಚದರ ಕಿಲೋಮೀಟರಿಗೆ 154 ಎಂದರೆ ನಾಲ್ಕೂವರೆ ಚದರ ಕಿಲೋಮೀಟರಿಗೆ ಒಂದು. ದೊಡ್ಡ ಸಂಖ್ಯೆಯೇನಲ್ಲ, ಆದರೂ ಈ ಊರಿನ ಮಟ್ಟಿಗೆ ಅಪರೂಪದ್ದು. 2018ರಲ್ಲಿ ಪ್ರಕಟವಾದ ಫಲಿತಾಂಶ ಪಠ್ಯಪುಸ್ತಕಕ್ಕೆ ತದ್ವಿರುದ್ಧವಾಗಿತ್ತು. ಪುಸ್ತಕದ ಪ್ರಕಾರ ದಿಣ್ಣೆಯ ಮೇಲೆ ನೀರು ಆಳದಲ್ಲಿರಬೇಕು, ಕಣಿವೆಯಲ್ಲಿ ಕೈಗೆಟುಕುವಂತಿರಬೇಕು. ಬೆಂಗಳೂರಿನಲ್ಲಿ ಕಣಿವೆಯ ನೀರೇ ಹೆಚ್ಚು ಆಳಕ್ಕೆ ಇಳಿದಿತ್ತು, ದಿಣ್ಣೆಯ ನೀರು ಮೇಲಿತ್ತು.

ಅವರು ಕೊಟ್ಟ ವಿವರಣೆಯೂ ಸರಳ. ಎತ್ತರದ ಹಳೆಯ ಬಡಾವಣೆಗಳಲ್ಲಿ ಕಾವೇರಿ ಬರುತ್ತದೆ, ಬೋರ್‌ವೆಲ್ ಮೇಲಿನ ಒತ್ತಡ ಕಡಿಮೆ. ಜೊತೆಗೆ ಪೈಪುಗಳು ಸೋರುತ್ತವೆ, ಕೊಳಚೆ ನೀರು ಇಂಗುತ್ತದೆ. ತಗ್ಗಿನಲ್ಲಿ ಬೆಳೆದ ಹೊರವಲಯದಲ್ಲಿ ಆಗ ಪೈಪೂ ಕಡಿಮೆ, ಸೋರಿಕೆಯೂ ಕಡಿಮೆ. ಪಂಪು ಮಾತ್ರ ಹಗಲಿರುಳು ಓಡುತ್ತಿತ್ತು. ಮಲ್ಲೇಶ್ವರದ ದಿಣ್ಣೆಯಲ್ಲಾಗಲಿ, ದೊಡ್ಡ ಬಸವಣ್ಣನ ಗುಡ್ಡದ ಸುತ್ತಲಾಗಲಿ ಹಳೆಯ ಮನೆಯ ಬಾವಿಯಲ್ಲಿ ಇವತ್ತು ನೀರು ಕಂಡರೆ ಅದು ನೆಲದ ಪುಣ್ಯವೆಂದು ಬೀಗುವ ಮೊದಲು ಬೀದಿಯ ಕೆಳಗಿನ ಪೈಪಿನ ವಯಸ್ಸು ಕೇಳಬೇಕು.

ಸೋರಿಕೆಯೆಂದರೆ ಎಷ್ಟು ಮಹಾ ಎನ್ನುವವರಿಗೆ ಒಂದು ಲೆಕ್ಕ. ಅದೇ ಅಧ್ಯಯನದ ಪ್ರಕಾರ ಬರದ ವರ್ಷವಾದ 2016ರಲ್ಲಿ ಇಡೀ ಪ್ರದೇಶದ ಅಂತರ್ಜಲ ಕಳೆದುಕೊಂಡದ್ದು 27 ಮಿಲಿಮೀಟರ್, ಅಂದರೆ 1.9 ಕೋಟಿ ಘನ ಮೀಟರ್. ಕಾವೇರಿ ನೀರು ಯೋಜನೆಯ ಐದನೇ ಹಂತ ಬರುವ ಮೊದಲು ಆ ನದಿಯಿಂದ ಊರಿಗೆ ಬರುತ್ತಿದ್ದ ನೀರು ದಿನಕ್ಕೆ 1,450 ದಶಲಕ್ಷ ಲೀಟರ್. ಅದರಲ್ಲಿ ಬರೀ 100 ದಶಲಕ್ಷ ಲೀಟರ್, ಅಂದರೆ ನೂರಕ್ಕೆ ಏಳರಷ್ಟು, ಮಣ್ಣಿಗೆ ಇಂಗಿತೆಂದುಕೊಳ್ಳಿ. ವರ್ಷಕ್ಕೆ 3.65 ಕೋಟಿ ಘನ ಮೀಟರ್ ಆಗುತ್ತದೆ. ಬರಗಾಲದ ನಷ್ಟದ ಸರಿಸುಮಾರು ಎರಡು ಪಟ್ಟು. 2017ರ ಆಗಸ್ಟ್-ಸೆಪ್ಟೆಂಬರ್‌ನ ಭಾರೀ ಮಳೆ ಇಂಗಿಸಿದ್ದು 4.7 ಕೋಟಿ ಘನ ಮೀಟರ್. ಸೋರಿದ್ದೆಲ್ಲ ಕೆಳಗಿಳಿಯುವುದಿಲ್ಲ, ಒಂದಿಷ್ಟು ರಾಜಕಾಲುವೆಗೆ ಹೋಗುತ್ತದೆ, ನಿಜ. ಆದರೂ ಪೈಪಿನ ಸೋರಿಕೆ ಮಳೆಗೆ ಸರಿಸಮವಾಗಿ ನಿಲ್ಲಬಲ್ಲ ಊರಿನಲ್ಲಿ ಮಳೆ ಮತ್ತು ಬಂಡೆಯನ್ನಷ್ಟೇ ನಂಬಿ ಮಾಡೆಲ್ ಕಟ್ಟುವುದು ಹೇಗೆ?

ಬಂಡೆಯ ವಿಷಯಕ್ಕೂ ಬರೋಣ. ಬೆಂಗಳೂರು ಕೂತಿರುವುದು ಲಾಲ್‌ಬಾಗ್‌ನಲ್ಲಿ ಬೆನ್ನು ತೋರಿಸಿಕೊಂಡು ಮಲಗಿರುವ, ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆಯ ಮೇಲೆ. ಮರಳುಗಲ್ಲಿನಂತೆ ಇದರ ಮೈಯೆಲ್ಲ ನೀರು ಹೀರುವುದಿಲ್ಲ. ಮೇಲಿನ ಶಿಥಿಲ ಪದರದಲ್ಲಿ ಒಂದಿಷ್ಟು, ಕೆಳಗಿನ ಬಿರುಕುಗಳಲ್ಲಿ ಒಂದಿಷ್ಟು ನೀರು ನಿಲ್ಲುತ್ತದೆ. ಬಸವನಗುಡಿಯ ಬ್ಯೂಗಲ್ ರಾಕ್‌ನಲ್ಲಿ ಬಂಡೆ ಕಾಲಿಗೇ ಸಿಗುತ್ತದೆ. ಇನ್ನೊಂದೆಡೆ ಬೋರ್‌ನ ಗೋಡೆ ಕುಸಿಯದಂತೆ ಇಳಿಸುವ ಕೇಸಿಂಗ್ ಪೈಪು ಗಟ್ಟಿ ಕಲ್ಲು ಸಿಗುವವರೆಗೆ ಇಳಿಯುತ್ತಲೇ ಇರುತ್ತದೆ. ಪಕ್ಕದ ಸೈಟಿನಲ್ಲಿ ಮೂರಿಂಚು ನೀರು ಬಿದ್ದರೆ ನಮ್ಮಲ್ಲಿ ಬರೀ ಧೂಳು. ಚಿಕ್ಕಪೇಟೆ ಪಕ್ಕದ ಮಾಮೂಲ್‌ಪೇಟೆಯ ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಿಕ್ಕಪೇಟೆಯಿಂದ ಮೆಜೆಸ್ಟಿಕ್‌ವರೆಗೆ ಮೆಟ್ರೊ ಸುರಂಗ ಕೊರೆದ ಯಂತ್ರಗಳು ಕಲ್ಲೂ ಮಣ್ಣೂ ಬೆರೆತ ನೆಲದಲ್ಲಿ ಸಿಕ್ಕಿಕೊಂಡು ನಿಂತಿದ್ದನ್ನೂ, ಆ ಮಾರ್ಗ 2017ರ ಜೂನ್‌ವರೆಗೆ ತಡವಾದದ್ದನ್ನೂ ಅವರು ಕಂಡಿದ್ದಾರೆ.

ಇಂಥ ನೆಲದಲ್ಲಿ ಒಂದು ಬೋರ್‌ವೆಲ್ ನೋಡಿ ಅರ್ಧ ಕಿಲೋಮೀಟರ್ ಆಚೆಯದರ ಬಗ್ಗೆ ಹೇಳಲಾಗುವುದು ಬಹಳ ಕಡಿಮೆ. ಹೇಳಲಾಗುವುದೇನಿದ್ದರೂ ಇಡೀ ಊರಿನುದ್ದಕ್ಕೆ ಮಟ್ಟ ಯಾವ ಕಡೆಗೆ ಇಳಿಯುತ್ತದೆ, ಯಾವ ಕಡೆಗೆ ಏರುತ್ತದೆ ಎಂಬ ಒಟ್ಟು ವಾಲು. ಪರಿಣತರ ಬಾಯಲ್ಲಿ ಟ್ರೆಂಡ್. ಮುನ್ಸೂಚನೆಯ ಭಾರವೆಲ್ಲ ಅದರ ಮೇಲೆ ಬೀಳುವುದರಿಂದ ಅದನ್ನೇ ಮೊದಲು ಪರೀಕ್ಷಿಸಬೇಕು.

ಇದು ನಾನು ಹುಟ್ಟಿಸಿಕೊಂಡ ತಕರಾರಲ್ಲ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಅಲ್ಲೊಂದು ಇಲ್ಲೊಂದು ಮಾದರಿಯಿಂದ ಇಡೀ ಅದಿರಿನ ಅಂದಾಜು ಮಾಡುವ ದಾರಿಯನ್ನು 1951ರಲ್ಲಿ ತೋರಿಸಿದವರು ಡ್ಯಾನಿ ಕ್ರಿಗೆ; ಬಿಡಿ ಬಾವಿಗಳಿಂದ ಇಡೀ ಊರಿನ ನೀರಿನ ನಕ್ಷೆ ಬರೆಯುವುದೂ ಅದೇ ಬಗೆಯ ಕೆಲಸ. ಆ ದಾರಿಗೆ ಗಣಿತದ ಅಡಿಪಾಯ ಹಾಕಿದ ಫ್ರಾನ್ಸಿನ ಜಾರ್ಜ್ ಮಾಥೆರಾನ್, ದತ್ತಾಂಶದಲ್ಲಿ ಟ್ರೆಂಡ್ ಇದ್ದಾಗ ಸಾಮಾನ್ಯ ವಿಧಾನ ಸಾಲದೆಂದು 1969ರಲ್ಲಿ ಅದಕ್ಕೆಂದೇ ಬೇರೆ ವಿಧಾನ ಕೊಟ್ಟರು. ಅರ್ಧ ಶತಮಾನದ ಹಿಂದಿನ ಎಚ್ಚರಿಕೆ ಇದು. ಟ್ರೆಂಡ್ ಗಮನಿಸದೆ ಮುಂದುವರಿದರೆ ದೂರದೂರದ ಬಾವಿಗಳಿಗೂ ಏನೋ ನಂಟಿದೆಯೆಂದು ಕಂಪ್ಯೂಟರ್ ನಂಬುತ್ತದೆ. ಬಾವಿಗಳಿಲ್ಲದ ಅಂಚಿನಲ್ಲಿ ಮನಸ್ಸಿಗೆ ಬಂದ ಅಂಕಿ ಉಗುಳುತ್ತದೆ. ಟ್ರೆಂಡ್ ಗಮನಿಸಿ ತಪ್ಪು ಕಾರಣ ಕೊಟ್ಟರೆ ಇನ್ನೂ ಅನಾಹುತ. ಭೂಮಟ್ಟದ ಎತ್ತರ ಸುಲಭವಾಗಿ ಸಿಗುತ್ತದೆಂದು ಅದನ್ನೇ ಆಧಾರ ಮಾಡಿಕೊಂಡು ಪುಸ್ತಕದ ಸೂತ್ರ ಹಾಕಿದಿರೋ, ಬೆಂಗಳೂರಿನಲ್ಲಿ ಉತ್ತರ ತಲೆಕೆಳಗಾಗುತ್ತದೆ.

ಐಐಎಸ್‌ಸಿಯವರಿಗೆ ಇಷ್ಟೂ ಗೊತ್ತಿರುವುದಿಲ್ಲವೇ ಎಂದು ಕೇಳಬಹುದು. ಗೊತ್ತಿದೆ, ಕಂಡುಹಿಡಿದವರೇ ಅವರು. ನನ್ನ ತಕರಾರು ವಿಜ್ಞಾನಿಗಳ ಮೇಲಲ್ಲ, ಅವರ ಕಾರಣವನ್ನು ಬಿಟ್ಟು ಅಂಕಿಯನ್ನಷ್ಟೇ ಹೊತ್ತೊಯ್ಯುವ ಆಡಳಿತ ಮತ್ತು ಅಂಕಣಕಾರರ ಮೇಲೆ. 5, 15, 25 ಎಂದಾಕ್ಷಣ ನಡು ಊರು ಸುರಕ್ಷಿತ, ಅಂಚು ಅಪಾಯದಲ್ಲಿ ಎಂದು ಓದುತ್ತಾರೆ, ಆ ವ್ಯತ್ಯಾಸವನ್ನು ನೆಲವೇ ಬರೆದುಕೊಟ್ಟಿದೆಯೇನೋ ಎಂಬಂತೆ. ಬರೆದದ್ದು ಹೆಚ್ಚಿನ ಪಾಲು ಪೈಪು ಮತ್ತು ಪಂಪು.

ಪೈಪು-ಪಂಪು ಬರೆದದ್ದು ಬದಲಾಗುತ್ತದೆ ಎಂಬುದೇ ಇಲ್ಲಿಯ ಮುಖ್ಯ ಸಂಗತಿ. 2024ರ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತಕ್ಕೆ ಚಾಲನೆ ಸಿಕ್ಕಿತು. ದಿನಕ್ಕೆ 775 ದಶಲಕ್ಷ ಲೀಟರ್, ಅದೇ 110 ಹಳ್ಳಿಗಳಿಗೆ. ಮನೆ ಮನೆಗೆ ಸಂಪರ್ಕ ಸಿಕ್ಕಷ್ಟೂ ಅಲ್ಲಿ ಪಂಪು ಓಡುವುದು ತಗ್ಗುತ್ತದೆ. ಹೊಸ ಪೈಪು ಹಳತಾದಷ್ಟೂ ಸೋರಿಕೆ ಹೆಚ್ಚುತ್ತದೆ. ಇತ್ತ ಬಸವನಗುಡಿ, ಚಾಮರಾಜಪೇಟೆಗಳಲ್ಲಿ ಸೋರಿಕೆ ತಡೆದರೆ, ತಡೆಯಲೇಬೇಕು, ನೆಲದೊಳಗಿನ ಗುಟ್ಟಿನ ಸರಬರಾಜು ನಿಲ್ಲುತ್ತದೆ. ನಾಳೆ ವಾಲು ಮತ್ತೆ ತಿರುಗಬಹುದು. 2016ರ ಇಳಿಜಾರನ್ನು ಶಾಶ್ವತವೆಂದು ನಂಬಿದ ಮಾಡೆಲ್ 2030ಕ್ಕೆ ಹೇಳುವ ಭವಿಷ್ಯ ಗಿಣಿಶಾಸ್ತ್ರಕ್ಕಿಂತ ಮೇಲೇನಲ್ಲ.

ದತ್ತಾಂಶಕ್ಕೇ ಇರುವ ಇನ್ನೊಂದು ಐಬನ್ನೂ ಯಾರೂ ಎತ್ತುವುದಿಲ್ಲ. 2024ರ ಬೇಸಿಗೆಯಲ್ಲಿ ನಗರದ ಸುಮಾರು 13,900 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಎಂದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಹೇಳಿದ್ದರು. ಬತ್ತಿದ ಬೋರ್‌ನಲ್ಲಿ ಅಳೆಯಲು ನೀರಿಲ್ಲ. ಅದು ಪಟ್ಟಿಯಿಂದ ಉದುರಿತೆಂದರೆ ಉಳಿದವುಗಳ ಸರಾಸರಿ ಆರೋಗ್ಯವಾಗಿಯೇ ಕಾಣುತ್ತದೆ. ಎಲ್ಲಿ ಹೆಚ್ಚು ಬತ್ತಿದೆಯೋ ಅಲ್ಲೇ ನಕ್ಷೆ ಹೆಚ್ಚು ಸುಳ್ಳು ಹೇಳುತ್ತದೆ. ಅತ್ತ ಮೂವತ್ತು ಅಡಿಯ ತೆರೆದ ಬಾವಿಯನ್ನೂ ಸಾವಿರ ಅಡಿಯ ಬೋರನ್ನೂ ಒಂದೇ ಕೋಷ್ಟಕಕ್ಕೆ ತುಂಬಿದರೆ ಎರಡು ಬೇರೆ ಬೇರೆ ಜಲಪದರಗಳ ಸರಾಸರಿ ಸಿಗುತ್ತದೆ. ಅಂಥ ನೀರು ಯಾವ ಆಳದಲ್ಲೂ ಇಲ್ಲ.

ಮಾಡಬೇಕಾದದ್ದು ಕಷ್ಟದ ಕೆಲಸವಲ್ಲ. ಅಳತೆಯ ಬಾವಿಗಳ ಜಾಗ, ಆಳ, ಎತ್ತರ, ತಿಂಗಳವಾರು ಮಟ್ಟವನ್ನು ಸಾರ್ವಜನಿಕರ ಮುಂದಿಡಿ. ಬತ್ತಿದವನ್ನು ಬತ್ತಿದವೆಂದೇ ಪಟ್ಟಿಯಲ್ಲಿ ಉಳಿಸಿಕೊಳ್ಳಿ. ಬೋರ್ ಕೊರೆಯುವವರು ಗಿರಾಕಿಗೆ ಕೊಡುವ ಬಿಲ್ಲಿನಲ್ಲಿ ಎಷ್ಟು ಅಡಿ ಕೊರೆದರು, ಎಷ್ಟು ಅಡಿ ಕೇಸಿಂಗ್ ಇಳಿಯಿತು ಎಂದಿರುತ್ತದೆ. ಕೇಸಿಂಗ್‌ನ ಅಡಿ ಎಂದರೆ ಹೆಚ್ಚುಕಡಿಮೆ ಶಿಥಿಲ ಪದರದ ದಪ್ಪ. ಹೊಸ ಬೋರ್‌ವೆಲ್‌ಗೆ ಅನುಮತಿ ಕೊಡುವಾಗಲೇ, ಕೊರೆದ ಮೇಲೆ ಆ ಬಿಲ್ಲಿನ ಪ್ರತಿ ಸಲ್ಲಿಸುವುದನ್ನು ಕಡ್ಡಾಯ ಮಾಡಿದರೆ ಊರಿನ ಭೂವಿಜ್ಞಾನದ ಖಜಾನೆ ಖರ್ಚಿಲ್ಲದೆ ತುಂಬುತ್ತದೆ. ಆಮೇಲೆ ಮಟ್ಟವನ್ನು ಎತ್ತರ, ಶಿಥಿಲ ಪದರ, ಪೈಪು ಜಾಲ, ಪಂಪಿನ ಸಾಂದ್ರತೆ ಒಂದೊಂದರ ಎದುರೂ ಇಟ್ಟು ನೋಡಿ. ಕೆಲವು ಬಾವಿಗಳನ್ನು ಪಕ್ಕಕ್ಕಿಟ್ಟು, ಮಾಡೆಲ್ ಅವುಗಳ ಮಟ್ಟವನ್ನು ಸರಿಯಾಗಿ ಹೇಳುತ್ತದೆಯೇ ಪರೀಕ್ಷಿಸಿ.

ಪಾಲಿಕೆವಾರು ನಕ್ಷೆಯಂತೂ ಬೇಡವೇ ಬೇಡ. ಚಾಮರಾಜಪೇಟೆ ಕೇಂದ್ರ ಪಾಲಿಕೆಗೆ, ಪಕ್ಕದ ಬಸವನಗುಡಿ ಪಶ್ಚಿಮಕ್ಕೆ ಸೇರಿದ್ದು ಆಡಳಿತದ ಅನುಕೂಲಕ್ಕೆ. ಸೋರುವ ಪೈಪಿಗೂ ಬಿರುಕಿನ ನೀರಿಗೂ ಆ ಗೆರೆ ಲೆಕ್ಕಕ್ಕಿಲ್ಲ. ಕೆರೆ ತುಂಬಿಸುವುದಕ್ಕೆ, ಇಂಗುಬಾವಿ ತೋಡುವುದಕ್ಕೆ, ಬೋರ್‌ವೆಲ್ ಅನುಮತಿಗೆ ಇನ್ನು ಮುಂದೆ ನಕ್ಷೆ ತೋರಿಸಿ ಹಣ ಕೇಳುವ ಇಲಾಖೆ ಆ ನಕ್ಷೆಯ ಏರಿಳಿತಕ್ಕೆ ಕಾರಣವನ್ನೂ ಪರೀಕ್ಷೆಯ ಫಲಿತಾಂಶವನ್ನೂ ಲಗತ್ತಿಸಬೇಕು. ಲಗತ್ತಿಸದ ಕಡತವನ್ನು ಹಣಕಾಸು ಇಲಾಖೆ ಓದದೆಯೇ ವಾಪಸು ಕಳಿಸಲಿ.